ತಾಲ್ಲೂಕು ವಾರಪತ್ರಿಕೆಯ ಚರಿತ್ರೆ: ಹುಟ್ಟಿದ ವರ್ಷ ಯಾವುದು ಅಂತ ಗೊತ್ತುಮಾಡುವುದು ಹೇಗೆ?

ಅಘನಾಶಿನಿ:
ಉತ್ತರ ಕನ್ನಡದ ಘಟ್ಟದ ಮೇಲಿನ ಒಂದು ತಾಲ್ಲೂಕಿನಿಂದ ಹೊರಡುತ್ತಿದ್ದ ವಾರಪತ್ರಿಕೆಯ ಚರಿತ್ರೆ ಬರೆಯಬೇಕಾಗಿದೆ. ನಾಲ್ಕು ಪುಟ, ಮೊಳೆ ಅಚ್ಚು (ಸೀಸದ ಬಿಡಿ ಅಕ್ಷರ ಜೋಡಿಸಿ ಮಾಡುವ ಮುದ್ರಣ). ಪತ್ರಿಕೆ ನಿಂತು ಬಹಳ ವರ್ಷವಾಯಿತು. 1954ರ ಆಗಸ್ಟಿನಿಂದ 1983ರವರೆಗಿನ ಸಂಚಿಕೆಗಳು ಹೊಲಿದ ಕಟ್ಟುಗಳಲ್ಲಿ ಉಳಿದಿವೆ. ನಡುವೆ 1957ರಿಂದ 61ರವರೆಗಿನವು ಇಲ್ಲ.

ತೊಡಕು ಇದು. 1954ರ ಸಂಚಿಕೆಯಲ್ಲಿ "ಸಂಪುಟ 6" ಎಂದಿದೆ. 1962ರದರಲ್ಲಿ "ಸಂಪುಟ 9". ತಲೆಬರಹದ ಕೆಳಗಿನ ನೋಂದಣಿ ಸಂಖ್ಯೆ "/57" ಅಂತ ಮುಗಿಯುತ್ತದೆ. ಊರಿನ ಹಿರಿಯರು ಪತ್ರಿಕೆ ಶುರುವಾದದ್ದು 1942ರಲ್ಲಿ ಅನ್ನುತ್ತಾರೆ. ಇವುಗಳಲ್ಲಿ ಯಾವುದನ್ನು ಹಿಡಿಯಬೇಕು? ಎರಡನೆಯದು, ವಾರಕ್ಕೆ ನಿಜವಾಗಿ ಎಷ್ಟು ಪ್ರತಿ ಅಚ್ಚಾಗುತ್ತಿತ್ತು ಅಂತ ಲೆಕ್ಕ ಹಾಕಲು ದಾರಿ ಇದೆಯೇ? ಮೂರನೆಯದು, ಹಾಳೆಗಳ ಅಂಚು ಪುಡಿಯಾಗುತ್ತಿದೆ, ಫೋಟೋ ತೆಗೆಯುವ ಕ್ರಮ ಹೇಗೆ?

ದಫ್ತರ:
ಮೊದಲು /57ನ್ನು ಬದಿಗಿಡಿ. ಪತ್ರಿಕಾ ರಿಜಿಸ್ಟ್ರಾರರ ಕಚೇರಿ ಶುರುವಾದದ್ದೇ 1956ರ ಜುಲೈ 1ರಂದು. ಅದಕ್ಕೂ ಮುಂಚೆ ಹೊರಡುತ್ತಿದ್ದ ಪತ್ರಿಕೆಗಳಿಗೂ ಆಮೇಲೆಯೇ ಸಂಖ್ಯೆ ಬಂತು. ಹಾಗಾಗಿ ದೇಶದ ಎಷ್ಟೋ ಹಳೆಯ ಪತ್ರಿಕೆಗಳ ತಲೆಯ ಮೇಲೆ /57 ಇದೆ. ಅದು ನೋಂದಣಿಯ ವರ್ಷ, ಹುಟ್ಟಿದ ವರ್ಷವಲ್ಲ. ತಾಲ್ಲೂಕು ಪತ್ರಿಕೆಗಳ ಬಗ್ಗೆ ಬರೆದವರು ಹೆಚ್ಚಾಗಿ ಎಡವುವುದು ಇಲ್ಲೇ.

ನಂಬಬಹುದಾದ ಕಾಗದ ಡಿಕ್ಲರೇಷನ್, ಅಂದರೆ ಈ ಪತ್ರಿಕೆಯ ಮುದ್ರಕರು, ಪ್ರಕಾಶಕರು ನಾವೇ ಎಂಬ ಘೋಷಣೆ. 1867ರ ಪ್ರೆಸ್ ಮತ್ತು ಪುಸ್ತಕ ನೋಂದಣಿ ಕಾಯಿದೆಯ ಪ್ರಕಾರ ಮುದ್ರಕರೂ ಪ್ರಕಾಶಕರೂ ಮ್ಯಾಜಿಸ್ಟ್ರೇಟರ ಮುಂದೆ ಅದನ್ನು ಕೊಡಬೇಕಿತ್ತು. ಎರಡು ಮೂಲ ಪ್ರತಿ ಇರುತ್ತಿದ್ದವು: ಒಂದು ಮ್ಯಾಜಿಸ್ಟ್ರೇಟರ ದಫ್ತರಕ್ಕೆ, ಇನ್ನೊಂದು ಹೈಕೋರ್ಟಿಗೆ. ನಿಮ್ಮ ಜಿಲ್ಲೆ 1956ರ ನವೆಂಬರ್ 1ರವರೆಗೆ ಮುಂಬಯಿ ಪ್ರಾಂತದಲ್ಲಿತ್ತು, ಆದ್ದರಿಂದ ಅದಕ್ಕೂ ಮುಂಚಿನ ಡಿಕ್ಲರೇಷನ್ನಿನ ಎರಡನೆಯ ಪ್ರತಿ ಹೋಗಿರಬೇಕಾದದ್ದು ಮುಂಬಯಿ ಹೈಕೋರ್ಟಿಗೆ. ಬೆಂಗಳೂರಿನಲ್ಲಿ ಹುಡುಕಿ "ಇಲ್ಲ" ಅನ್ನಿಸಿಕೊಂಡು ಬರಬೇಡಿ. ಮೊದಲ ಪ್ರತಿಗೆ ಕಾರವಾರದ ಜಿಲ್ಲಾಧಿಕಾರಿ ಕಚೇರಿಯ ರೆಕಾರ್ಡ್ ರೂಮು ನೋಡಿ. ಉಪವಿಭಾಗದ ಮ್ಯಾಜಿಸ್ಟ್ರೇಟರ ಮುಂದೆಯೂ ಕೊಡಬಹುದಿತ್ತು, ಹಾಗಾಗಿ ಉಪವಿಭಾಗಾಧಿಕಾರಿ ಕಚೇರಿಯಲ್ಲೂ ವಿಚಾರಿಸಿ. ಅರ್ಜಿಯಲ್ಲಿ "ಪತ್ರಿಕೆಯ ದಾಖಲೆ" ಎಂದಷ್ಟೇ ಬರೆದರೆ ವಾರ್ತಾ ಇಲಾಖೆಯ ಕಡೆ ಕೈತೋರಿಸುತ್ತಾರೆ. ಕಾಯಿದೆಯ ಹೆಸರು, "ಡಿಕ್ಲರೇಷನ್", ಪತ್ರಿಕೆಯ ಹೆಸರು, ಮುದ್ರಣಾಲಯದ ಹೆಸರು, ಅಂದಾಜು ವರ್ಷ ಎಲ್ಲವನ್ನೂ ಬರೆಯಿರಿ. 2024ರ ಮಾರ್ಚ್ 1ರಿಂದ ಹೊಸ ಕಾಯಿದೆ ಬಂದಿದೆ, ಆದರೆ ನಿಮಗೆ ಬೇಕಾದದ್ದು ಹಳೆಯ ಕಾಯಿದೆಯ ಕಡತ.

ಇನ್ನು ಕೈಯಲ್ಲಿರುವ ಕಟ್ಟುಗಳಲ್ಲೇ ಒಂದು ಖಜಾನೆ ಇದೆ. 1956ರ ನಿಯಮಗಳಂತೆ ಪ್ರತಿ ವರ್ಷ ಫೆಬ್ರವರಿಯ ಕೊನೆಯ ದಿನ ಕಳೆದ ಮೇಲೆ ಬರುವ ಮೊದಲ ಸಂಚಿಕೆಯಲ್ಲಿ "ನಮೂನೆ 4" ಅಚ್ಚು ಹಾಕಬೇಕಿತ್ತು. ಪ್ರಕಟಣೆಯ ಸ್ಥಳ, ಅವಧಿ, ಮುದ್ರಕ, ಪ್ರಕಾಶಕ, ಸಂಪಾದಕರ ಹೆಸರು ವಿಳಾಸ, ಮಾಲಿಕರು, ನೂರಕ್ಕೆ ಒಂದಕ್ಕಿಂತ ಹೆಚ್ಚು ಬಂಡವಾಳ ಇರುವವರು, ಎಲ್ಲ ಅದರಲ್ಲಿರುತ್ತದೆ. 1962ರಿಂದ ಪ್ರತಿ ವರ್ಷದ ಮಾರ್ಚ್ ಮೊದಲ ವಾರದ ಸಂಚಿಕೆಯನ್ನೇ ತೆಗೆದು ಸಾಲಾಗಿ ಇಟ್ಟರೆ ಅಲ್ಲಿಂದೀಚಿನ ಒಡೆತನದ ಚರಿತ್ರೆ ಅರ್ಧ ದಿನದಲ್ಲಿ ಕೈಗೆ ಬರುತ್ತದೆ.

ಈಗ ಸಂಪುಟದ ಜಗಳ. ವರ್ಷಕ್ಕೊಂದು ಸಂಪುಟ ಎಂದು ಹಿಡಿದರೆ, 1954ರಲ್ಲಿ 6 ಅಂದರೆ ಮೊದಲ ಸಂಪುಟ 1949ರ ಸುಮಾರಿಗೆ. 1962ರಲ್ಲಿ 14 ಇರಬೇಕಿತ್ತು, ಐದು ಕಳೆದಿದೆ. ಒಂದೋ 1957ರಿಂದ 61ರವರೆಗೆ ಪತ್ರಿಕೆ ನಿಂತಿತ್ತು, ಇಲ್ಲವೋ ನಡುವೆ ಎಣಿಕೆ ಹೊಸದಾಗಿ ಶುರುವಾಯಿತು. 1962ರ ಸಂಚಿಕೆಯಲ್ಲಿ ಯಾವ ನೋಂದಣಿ ಸಂಖ್ಯೆ ಇದೆ? ಕೊನೆಯ ಪುಟದ ಅಡಿಯಲ್ಲಿ "ಮುದ್ರಿಸಿ ಪ್ರಕಟಿಸಿದವರು" ಎಂಬ ಸಾಲು 1956ರದೂ 1962ರದೂ ಒಂದೇಯೇ? ಇವೆರಡು ಹೇಳಿ.

ಮೊಳೆ ಮಸಿ:
ಪ್ರತಿಗಳ ಲೆಕ್ಕಕ್ಕೆ ಕಾಗದದ ಬಿಲ್ಲು ಇದ್ದರೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ. ಸರ್ಕಾರಕ್ಕೆ ಕೊಟ್ಟ ಪ್ರಸಾರ ಸಂಖ್ಯೆ ಮಾಲಿಕರೇ ಬರೆದುಕೊಟ್ಟದ್ದು. ಜಾಹೀರಾತಿಗೂ ಸರ್ಕಾರ ಹಂಚುತ್ತಿದ್ದ ನ್ಯೂಸ್‌ಪ್ರಿಂಟ್ ಕೋಟಾಕ್ಕೂ ಅದೇ ಆಧಾರವಾಗಿತ್ತು, ಆದ್ದರಿಂದ ಅದು ಮೇಲಕ್ಕೇ ವಾಲಿರುತ್ತದೆ.

ಮೊದಲು ಪುಟ ಅಳೆಯಿರಿ. ಸುಮಾರು ಹನ್ನೊಂದೂಕಾಲು ಇಂಚು ಅಗಲ, ಹದಿನೇಳೂವರೆ ಎತ್ತರ ಇದ್ದರೆ ಅದು ಡೆಮಿ ಹಾಳೆ ಒಂದು ಮಡಿಕೆ, ನಾಲ್ಕು ಪುಟ. ಅಂದರೆ ಪ್ರತಿಗೊಂದು ಹಾಳೆ. ವರ್ಷಕ್ಕೆ 78 ರೀಮು ಕೊಂಡಿದ್ದರೆ, ರೀಮಿಗೆ 500 ಹಾಳೆಯಂತೆ ವಾರಕ್ಕೆ 750. ಹಳೆಯ ಲೆಕ್ಕದ ರೀಮು 24 ಹಾಳೆಯ 20 ದಸ್ತು, ಅಂದರೆ 480. ಆಗ ವಾರಕ್ಕೆ 720. ಬಿಲ್ಲಿನಲ್ಲಿ ಯಾವ ರೀಮು ಅಂತ ನೋಡದೆ ಗುಣಿಸಬೇಡಿ. ಅಚ್ಚು ಹೊಂದಿಸುವಾಗ, ಮಸಿ ಸರಿಮಾಡುವಾಗ ಹಾಳಾಗುವ 25-30 ಹಾಳೆ ಕಳೆಯಿರಿ. ಅದೇ ಪ್ರೆಸ್ಸಿನಲ್ಲಿ ಮದುವೆ ಕಾಗದ, ರಸೀದಿ ಪುಸ್ತಕ, ಯಕ್ಷಗಾನದ ಕರಪತ್ರವೂ ಅಚ್ಚಾಗುತ್ತಿದ್ದರೆ ಬಿಲ್ಲಿನ ಕಾಗದವೆಲ್ಲ ಪತ್ರಿಕೆಯದಲ್ಲ. ಕಾಗದದ ಅಳತೆ, ತೂಕ ಬೇರೆ ಇರುತ್ತದೆ, ಅದರಿಂದ ಬೇರ್ಪಡಿಸಬಹುದು.

ಚಿಕ್ಕ ಟ್ರೆಡಲ್ಲಿನಲ್ಲಿ (ಕಾಲಿನಿಂದ ತುಳಿದು ನಡೆಸುವ ಅಚ್ಚು ಯಂತ್ರ) ಸಲಕ್ಕೆ ಒಂದೇ ಪುಟ ಕೂರುತ್ತದೆ. 700 ಪ್ರತಿ, ನಾಲ್ಕು ಪುಟ, ಒಟ್ಟು 2,800 ಒತ್ತು. ಕೈಯಿಂದ ಹಾಳೆ ಕೊಡುವಾಗ ಗಂಟೆಗೆ 800 ಹಿಡಿದರೆ ಮೂರೂವರೆ ಗಂಟೆ ಬರೀ ಓಟಕ್ಕೇ ಬೇಕು, ಫಾರಂ (ಮೊಳೆ ಜೋಡಿಸಿದ ಪುಟದ ಚೌಕಟ್ಟು) ಬಿಗಿದು ಒತ್ತಡ ಸರಿಮಾಡುವ ಹೊತ್ತು ಬೇರೆ. ದೊಡ್ಡ ಯಂತ್ರವಾದರೆ 1 ಮತ್ತು 4 ಒಟ್ಟಿಗೆ, 2 ಮತ್ತು 3 ಒಟ್ಟಿಗೆ.

ಇದರಿಂದ ಓದುವ ಕ್ರಮವೇ ಬದಲಾಗುತ್ತದೆ, ಚರಿತ್ರೆ ಬರೆಯುವವರು ಇದನ್ನು ತಿಳಿದಿರಲೇಬೇಕು. ಕನ್ನಡಕ್ಕೆ ಕಾಗುಣಿತ, ಒತ್ತು ಎಲ್ಲಕ್ಕೂ ಬೇರೆ ಬೇರೆ ಮೊಳೆ. ನಾಲ್ಕು ಪುಟಕ್ಕೂ ಒಟ್ಟಿಗೆ ಜೋಡಿಸಿಡುವಷ್ಟು ಮೊಳೆ ಸಣ್ಣ ಪ್ರೆಸ್ಸುಗಳಲ್ಲಿ ಇರುತ್ತಿರಲಿಲ್ಲ. ಒಳಪುಟ ಮೊದಲು ಜೋಡಿಸಿ ಅಚ್ಚುಮಾಡಿ, ಮೊಳೆ ಬಿಚ್ಚಿ ತೊಳೆದು ಖಾನೆಗೆ ಹಾಕಿ, ಅದೇ ಮೊಳೆಯಲ್ಲಿ ಹೊರಪುಟ. ಹಾಗಾಗಿ ಕತೆ, ಕವನ, ಕೃಷಿ ಲೇಖನ ಒಳಗೆ. ಕೊನೆಯ ಗಳಿಗೆಯ ಸುದ್ದಿ ಮುಖಪುಟದಲ್ಲೋ ಹಿಂಪುಟದಲ್ಲೋ. ಪರೀಕ್ಷೆ ಸುಲಭ. ಭೂತಗನ್ನಡಿ ಹಿಡಿದು ಮುರಿದ ಒಂದು ಅಕ್ಷರ ಗುರುತಿಸಿ, ಬಾಲ ಹಾರಿದ ಒಂದು "ತ್ತ"ವೋ ತಲೆಕಟ್ಟು ಚಪ್ಪಟೆಯಾದ ಒಂದು "ರ"ವೋ. ಅದೇ ಮೊಳೆ ಒಂದೇ ಸಂಚಿಕೆಯ 2ನೇ ಪುಟದಲ್ಲೂ 1ನೇ ಪುಟದಲ್ಲೂ ಕಂಡರೆ ನಡುವೆ ಬಿಚ್ಚಿ ಜೋಡಿಸಿದ್ದಾರೆ. 2ನೇ ಪುಟದ "ನಿನ್ನೆ" ಮತ್ತು 1ನೇ ಪುಟದ "ನಿನ್ನೆ" ಒಂದೇ ದಿನವಲ್ಲ.

ತಲೆಬರಹದ ತಾರೀಖನ್ನೂ ಮುದ್ರಣದ ದಿನವೆಂದು ತಿಳಿಯಬೇಡಿ. ರಿಯಾಯಿತಿ ಅಂಚೆಗೆ ನೋಂದಾಯಿಸಿದ ಪತ್ರಿಕೆ ಅಂಚೆಗೆ ಹಾಕುವ ವಾರಕ್ಕೆ ಹೊಂದಿಸಿಯೇ ತಾರೀಖು ಹಾಕುತ್ತಿದ್ದರು. ಮಳೆಗಾಲದಲ್ಲಿ ಮಸಿ ಬೇಗ ಆರುವುದಿಲ್ಲ. ಆರದೆ ಮಡಚಿದರೆ ಎದುರು ಪುಟದಲ್ಲಿ ಅಕ್ಷರದ ಕನ್ನಡಿ ನೆರಳು ಮೂಡುತ್ತದೆ. ಜೂನ್-ಆಗಸ್ಟ್ ಸಂಚಿಕೆಗಳಲ್ಲಿ ಅದು ಹೆಚ್ಚು ಕಂಡರೆ ಕಾರಣ ಇದೇ.

ಅಘನಾಶಿನಿ:
ನೋಡಿದೆ. 1962ರ ಸಂಚಿಕೆಯಲ್ಲೂ ಅದೇ /57 ಸಂಖ್ಯೆ. ಆದರೆ ಅಡಿಯ ಸಾಲು ಬದಲಾಗಿದೆ: ಮುದ್ರಣಾಲಯ ಬೇರೆ, ಪ್ರಕಾಶಕರೂ ಬೇರೆ. ಅಕ್ಷರದ ಗಾತ್ರವೂ ಸ್ವಲ್ಪ ಚಿಕ್ಕದಾದಂತಿದೆ. ಒಂದು ಬಿಡಿ ಹಾಳೆಯಲ್ಲಿ ಇಸವಿ ಹರಿದುಹೋಗಿದೆ, "ನಂದನ ಸಂವತ್ಸರ" ಮತ್ತು "ಬೆಲೆ ಒಂದಾಣೆ" ಮಾತ್ರ ಉಳಿದಿದೆ.

ದಫ್ತರ:
ಹಾಗಾದರೆ ಐದು ವರ್ಷ ನಿಂತಿತ್ತು ಅನ್ನುವುದು ಕಷ್ಟ. ಹನ್ನೆರಡು ತಿಂಗಳು ಮೀರಿ ಪ್ರಕಟಣೆ ನಿಂತರೆ ಡಿಕ್ಲರೇಷನ್ ತಾನಾಗಿ ಬಿದ್ದುಹೋಗುತ್ತದೆ ಎಂಬ ನಿಯಮ ಆ ಕಾಯಿದೆಗೆ ಸೇರಿತ್ತು. ಅಷ್ಟು ದೀರ್ಘ ಕಾಲ ನಿಂತ ಪತ್ರಿಕೆ ಹಳೆಯ ಸಂಖ್ಯೆಯನ್ನೇ ಇಟ್ಟುಕೊಂಡು ಎದ್ದುಬರುವುದು ಅಪರೂಪ. ಪ್ರಕಾಶಕರು, ಪ್ರೆಸ್ಸು ಬದಲಾದಾಗ ಎಣಿಕೆ ಹೊಸದಾಗಿ ಹಿಡಿದರು ಎಂಬ ಊಹೆಗೇ ತೂಕ ಹೆಚ್ಚು. 1962ರಲ್ಲಿ 9 ಬರಬೇಕಾದರೆ ಹೊಸ ಎಣಿಕೆಯ ಒಂದನೆಯದು 1954ಕ್ಕೆ ಬೀಳುತ್ತದೆ. ಆಗಸ್ಟಿನಲ್ಲಿ ಇನ್ನೂ 6 ಇತ್ತಲ್ಲ, ಆ ವರ್ಷದ ಕೊನೆಯ ನಾಲ್ಕು ತಿಂಗಳ ಸಂಚಿಕೆಗಳನ್ನು ಒಂದೊಂದಾಗಿ ನೋಡಿ, ಎಣಿಕೆ ತಿರುಗಿದ ವಾರ ಸಿಗಬಹುದು. ಅಲ್ಲಿ ಸಿಗದೆ 6, 7, 8 ಅಂತ 1956ರವರೆಗೂ ನಡೆದಿದ್ದರೆ, ಆಮೇಲೆ ಒಂದರಿಂದ ಎಣಿಸಿದರೂ 1962ಕ್ಕೆ 9 ಆಗುವುದಿಲ್ಲ, ಪತ್ರಿಕೆ ನಿಂತಿತ್ತು ಎಂಬ ಊಹೆಗೂ ಮತ್ತೆ ಜಾಗ ಸಿಗುತ್ತದೆ; ಉತ್ತರ ಆ ಐದು ವರ್ಷದ ಕತ್ತಲಲ್ಲೇ ಇದೆ. ಆಗ ಎರಡನೆಯ ಡಿಕ್ಲರೇಷನ್ ಹುಡುಕದೆ ಗತಿಯಿಲ್ಲ. ಪ್ರಕಾಶಕರು ಬದಲಾದರೆ ಹೊಸದು ಕೊಡಲೇಬೇಕಿತ್ತು, ಆದ್ದರಿಂದ ಅದು ಇರಬೇಕು. ರಾಜ್ಯ ಬದಲಾದ ಮೇಲಿನದಾದರೆ ಮುಂಬಯಿಯಲ್ಲಿ ಹುಡುಕಬೇಡಿ.

ಎಣಿಕೆ ಬದಲಾದ ಮಾತ್ರಕ್ಕೆ ಬೇರೆ ಪತ್ರಿಕೆ ಅನ್ನಬೇಕಿಲ್ಲ. 1843ರ ಜುಲೈ 1ರಂದು ಮಂಗಳೂರಿನಲ್ಲಿ ಕಲ್ಲಚ್ಚಿನಲ್ಲಿ ಹೊರಟ "ಮಂಗಳೂರ ಸಮಾಚಾರ" ಮರುವರ್ಷ ಬಳ್ಳಾರಿಗೆ ಹೋಗಿ "ಕನ್ನಡ ಸಮಾಚಾರ"ವಾಯಿತು. ಊರು, ಹೆಸರು ಎರಡೂ ಬದಲಾದರೂ ಅದನ್ನು ಒಂದೇ ಪತ್ರಿಕೆಯ ಮುಂದುವರಿಕೆ ಎಂದೇ ಹೇಳುತ್ತೇವೆ.

ಬಿಡಿ ಹಾಳೆ: ನಂದನ 1952-53, ಇಲ್ಲವೇ ಅರವತ್ತು ವರ್ಷ ಕಳೆದು 2012-13. ಆಣೆಯ ಬೆಲೆ ಇದ್ದ ಮೇಲೆ 1952ರ ಯುಗಾದಿಯಿಂದ 1953ರ ಯುಗಾದಿಯೊಳಗಿನದೇ. ತಿಥಿ, ವಾರ ಉಳಿದಿದ್ದರೆ ಪಂಚಾಂಗದಿಂದ ದಿನವೂ ಸಿಗುತ್ತದೆ. ನಿಮ್ಮಲ್ಲಿರುವ ಅತಿ ಹಳೆಯ ಹಾಳೆ ಇದೇ ಆಯಿತು. ಇಸವಿ ಇಲ್ಲದ ಬೇರೆ ಹಾಳೆ ಸಿಕ್ಕರೆ ಬೆಲೆ ನೋಡಿ: ದಶಮಾನ ನಾಣ್ಯ ಬಂದದ್ದು 1957ರ ಏಪ್ರಿಲ್ 1ರಂದು. "ನಯೇ ಪೈಸೆ" ಎಂದಿದ್ದರೆ ಅಲ್ಲಿಂದ 1964ರ ಮೇವರೆಗಿನದು, ಬರೀ "ಪೈಸೆ" ಆದರೆ ಆಮೇಲಿನದು ಇರುವ ಸಂಭವ ಹೆಚ್ಚು.

1942ರ ನೆನಪನ್ನು ಸುಳ್ಳು ಅನ್ನಬೇಡಿ, ಬೇರೆಯಾಗಿ ಬರೆಯಿರಿ. ಚಳವಳಿಯ ಆ ದಿನಗಳಲ್ಲಿ ಸೈಕ್ಲೋಸ್ಟೈಲ್ ಮಾಡಿದ ಗುಪ್ತ ಬುಲೆಟಿನ್ನುಗಳು ಹಳ್ಳಿ ಹಳ್ಳಿಗೆ ಹೋಗುತ್ತಿದ್ದವು. ಅವಕ್ಕೆ ಡಿಕ್ಲರೇಷನ್ ಇರಲು ಸಾಧ್ಯವಿಲ್ಲ. ಅಂಥದ್ದೊಂದನ್ನು ತಂದವರೇ ಆಮೇಲೆ ಪತ್ರಿಕೆ ಮಾಡಿರಬಹುದು, ಆದರೆ ಅದಕ್ಕೆ ಒಂದು ಹಾಳೆಯಾದರೂ ಸಿಗುವವರೆಗೆ "ಊರಿನ ನೆನಪಿನಂತೆ" ಎಂದೇ ಬರೆಯಬೇಕು.

ಹಳೇ ಕಾಗದ:
ಫೋಟೋ ವಿಷಯ. ಲ್ಯಾಮಿನೇಷನ್ ಮಾಡಿಸಬೇಡಿ, ಸೆಲ್ಲೋಟೇಪ್ ಹಚ್ಚಬೇಡಿ, ಕಟ್ಟು ಬಿಚ್ಚಬೇಡಿ. ಅಗ್ಗದ ಕಾಗದದಲ್ಲಿ ಮರದ ಲಿಗ್ನಿನ್ ಹಾಗೇ ಉಳಿದಿರುತ್ತದೆ, ಗಾಳಿ ಬೆಳಕಿಗೆ ಅದು ಹುಳಿಯಾಗಿ ಕಾಗದದ ನಾರನ್ನೇ ತಿನ್ನುತ್ತದೆ. ಲ್ಯಾಮಿನೇಷನ್ನಿನೊಳಗೂ ಅದು ನಿಲ್ಲುವುದಿಲ್ಲ, ಮತ್ತೆ ಬಿಡಿಸಲೂ ಬರುವುದಿಲ್ಲ. ಟೇಪಿನ ಅಂಟು ಕೆಲವು ವರ್ಷದಲ್ಲಿ ಕಂದಾಗಿ ಅಕ್ಷರದೊಳಗೆ ಇಳಿಯುತ್ತದೆ. ಹರಿದ ಕಡೆ ತೆಳು ಜಪಾನಿ ಕಾಗದ, ಗೋಧಿ ಗಂಜಿಯ ಅಂಟು ಸಾಕು. ಅದನ್ನೂ ಫೋಟೋ ಆದಮೇಲೆ ಮಾಡಿ, ಒದ್ದೆ ತಾಗಿದ ಹಾಳೆ ಮೊದಲ ದಿನವೇ ಕೈಕೊಡಬಹುದು.

ಕಟ್ಟನ್ನು ಪೂರ್ತಿ ಬಿಚ್ಚಿ ಹಾಸಿದರೆ ಬೆನ್ನು ಒಡೆಯುತ್ತದೆ. ಎರಡೂ ಕಡೆ ದಿಂಬು ಕೊಟ್ಟು ಸುಮಾರು 100 ಡಿಗ್ರಿಯಷ್ಟು ಮಾತ್ರ ತೆರೆಯಿರಿ, ಒಂದು ಬದಿಯ ಪುಟಗಳನ್ನೆಲ್ಲ ಮುಗಿಸಿ ಆಮೇಲೆ ಇನ್ನೊಂದು ಬದಿ. ಕ್ಯಾಮೆರಾ ಪುಟಕ್ಕೆ ನೇರವಾಗಿ ನಿಲ್ಲಬೇಕು. ದೀಪ ಎರಡು, ಎರಡೂ 45 ಡಿಗ್ರಿ ಓರೆಯಲ್ಲಿ. ಫ್ಲ್ಯಾಷ್ ಬೇಡ, ಮಸಿ ಹೊಳೆದು ಅಕ್ಷರ ಬಿಳಿಚುತ್ತದೆ. 24 ಮೆಗಾಪಿಕ್ಸೆಲ್ ಕ್ಯಾಮೆರಾದಲ್ಲಿ ಡೆಮಿ ಪುಟ ಚೌಕಟ್ಟು ತುಂಬಿದರೆ ಇಂಚಿಗೆ 300ಕ್ಕಿಂತ ಹೆಚ್ಚು ಚುಕ್ಕಿ ಸಿಗುತ್ತದೆ, ಒತ್ತಕ್ಷರಕ್ಕೆ ಅದು ಸಾಲುತ್ತದೆ. ಎರಡು ಪುಟ ಒಂದೇ ಫೋಟೋದಲ್ಲಿ ತೆಗೆದರೆ ಸಾಲದು. ಕಪ್ಪುಬಿಳುಪಿನಲ್ಲಿ ತೆಗೆಯಬೇಡಿ: ಅಂಚೆ ಮುದ್ರೆ, ಪೆನ್ಸಿಲ್ ಗುರುತು, ಚಂದಾದಾರರ ಹೆಸರಿನ ಚೀಟಿ ಬಣ್ಣದಲ್ಲೇ ಕಾಣುತ್ತವೆ.

ಐದು ವರ್ಷ ಕಳೆದರೆ ನಿಮ್ಮಲ್ಲಿರುವುದು ಸುಮಾರು 25 ವರ್ಷ. 52 ವಾರ, 4 ಪುಟದಂತೆ 5,200 ಪುಟ. ಬಣ್ಣದ ಟಿಫ್ (ಗುಣಮಟ್ಟ ಕುಗ್ಗಿಸದ ಚಿತ್ರ ಕಡತ) ಪುಟಕ್ಕೆ 72 ಎಂಬಿಯಂತೆ 375 ಜಿಬಿ. ಒಂದು ಟಿಬಿಯ ಎರಡು ಡಿಸ್ಕು, ಎರಡು ಬೇರೆ ಊರಿನಲ್ಲಿ. ಕಡತದ ಹೆಸರು ವರ್ಷ-ತಿಂಗಳು-ದಿನ-ಪುಟ, ಉದಾಹರಣೆಗೆ 1962-03-08-1. ಸಂಪುಟ ಸಂಖ್ಯೆಯಿಂದ ಹೆಸರಿಡಬೇಡಿ, ಅದು ಎಷ್ಟು ಕೈಕೊಡುತ್ತದೆ ಅಂತ ಮೇಲೇ ಇದೆ. ಇಲ್ಲದ ಸಂಚಿಕೆಗೂ ಪಟ್ಟಿಯಲ್ಲಿ ಒಂದು ಸಾಲು ಬಿಡಿ, ನಾಳೆ ಯಾರದೋ ಅಟ್ಟದಲ್ಲಿ ಸಿಕ್ಕಾಗ ಅದರ ಜಾಗ ಕಾದಿರುತ್ತದೆ.

ಮೊಳೆ ಮಸಿ:
ಒಂದು ಸೇರಿಸುತ್ತೇನೆ. ಕಂಪ್ಯೂಟರಿನಿಂದ ಅಕ್ಷರ ಓದಿಸುವ ಆಸೆ ಸದ್ಯಕ್ಕೆ ಬಿಡಿ. ಮುರಿದ ಒತ್ತು, ಹರಡಿದ ಮಸಿಗೆ ಅದು ತಪ್ಪುತ್ತದೆ. ಕೈಯಿಂದಲೇ ಸೂಚಿ ಮಾಡಿ. ಸೂಚಿ ಮಾಡುವಾಗ ಸುದ್ದಿಗಿಂತ ಮೊದಲು ಅಡಿಕೆ ಧಾರಣೆಯ ಕಾಲಂ ಬರೆದುಕೊಳ್ಳಿ: ರಾಶಿ, ಚಾಲಿ, ಬೆಟ್ಟೆ, ಕೆಂಪುಗೋಟು, ಬಿಳೆಗೋಟು ಎಂಬ ಅಡಿಕೆ ಬಗೆಗಳ ಕನಿಷ್ಠ ಗರಿಷ್ಠ ದರ ಎರಡೂ. ಘಟ್ಟದ ಮೇಲೆ ಚಂದಾ ಕಟ್ಟಿ ತರಿಸಿಕೊಳ್ಳಲು ಎಷ್ಟೋ ಮನೆಗೆ ಆ ಕಾಲಂ ಸಾಕಾಗುತ್ತಿತ್ತು. ಪ್ರತಿ ವಾರ ಬರುವುದರಿಂದ, ಅದು ಇಲ್ಲದ ವಾರ ಕಂಡರೆ ಮಾರುಕಟ್ಟೆ ಬಂದ್ ಇತ್ತೋ ಪತ್ರಿಕೆ ತಡವಾಯಿತೋ ಅಂತ ವಿಚಾರಿಸಲು ಎಳೆ ಸಿಗುತ್ತದೆ. ದರವನ್ನು ಸಹಕಾರಿ ಸಂಘದ ದಫ್ತರದ ಜೊತೆ ಹೋಲಿಸಿದರೆ ತಾರೀಖು ಸಂಶಯವಿರುವ ಹಾಳೆಗೂ ವಾರ ಗೊತ್ತುಮಾಡಬಹುದು. ಶಿರಸಿಯ ತೋಟಗಾರರ ಸಂಘ 1923ರದು, ಅಷ್ಟು ಹಳೆಯ ಸಂಸ್ಥೆಗಳಲ್ಲಿ ವ್ಯಾಪಾರದ ಲೆಕ್ಕ ಎಷ್ಟು ಹಿಂದಿನವರೆಗೆ ಉಳಿದಿದೆ ಅಂತ ಮೊದಲು ಕೇಳಿ ನೋಡಿ.