ಟ್ಯೂಷನ್‌ಗೆ ಹೋದವರಿಗೇ ಕಡಿಮೆ ಅಂಕ! ಏನಂತ ಬರೆಯಲಿ?

ಕುಮಟಾದ ಹುಡುಗ: ಬಿಎಸ್ಸಿ ಪ್ರಾಜೆಕ್ಟಿಗೆ ಅಂತ 60 ಪಿಯು ಮಕ್ಕಳ ಗಣಿತದ ಅಂಕ ತಂದೆ. ಟ್ಯೂಷನ್‌ಗೆ ಹೋಗುವವರ ಸರಾಸರಿಯೇ ಕಡಿಮೆ. ಎರಡು ಸರಾಸರಿ ಹೋಲಿಸುವ ಟಿ ಟೆಸ್ಟಿನಲ್ಲಿ ಪಿ ವ್ಯಾಲ್ಯೂ 0.05ಕ್ಕಿಂತ ಕೆಳಗೆ, ಅಂದರೆ ಈ ವ್ಯತ್ಯಾಸ ಬರೀ ಆಕಸ್ಮಿಕ ಅನ್ನುವುದು ಕಷ್ಟ. ಟ್ಯೂಷನ್‌ನಿಂದ ನಷ್ಟ ಅಂತ ಬರೆಯಲಾ? ಮೇಡಂ 'ಕನ್‌ಫೌಂಡಿಂಗ್ ನೋಡು' ಅಂದು ಹೋದರು. ಇಂಥದ್ದು ಮಾಡಿದವರು ಹೇಳಿ.

ಶಿರಸಿಯಿಂದ: ಬರೆಯಬೇಡ ತಮ್ಮಾ. ನನ್ನದು ಅಡಿಕೆ ಕೊಳೆರೋಗದ ಪ್ರಾಜೆಕ್ಟ್. ಬೋರ್ಡೋ ಮದ್ದು ಎರಡು ಸಲ ಹೊಡೆದ ತೋಟ ಒಂದು ಗುಂಪು, ಮೂರು ಸಲ ಹೊಡೆದದ್ದು ಇನ್ನೊಂದು. ಮೂರು ಸಲ ಹೊಡೆದಲ್ಲೇ ಜಾಸ್ತಿ ಕಾಯಿ ಉದುರಿತ್ತು! ಅಪ್ಪಯ್ಯನಿಗೆ ತೋರಿಸಿದೆ. "ಮೈಲುತುತ್ತ, ಸುಣ್ಣ, ಮರ ಹತ್ತಿ ಹೊಡೆಯುವ ಕೊನೆಗೌಡನ ಕೂಲಿ ಅಂತ ಮೂರನೇ ಸಲ ದುಡ್ಡು ಸುರಿಯುವವ ಯಾರು? ಕೊಳೆ ಬಿಡದ ತೋಟದವ" ಅಂದು ನಕ್ಕರು. ತಗ್ಗಿನ, ಗಾಳಿಯಾಡದ ತೋಟದಲ್ಲಿ ಕೊಳೆಯೂ ಜಾಸ್ತಿ, ಮದ್ದೂ ಜಾಸ್ತಿ. ಹೀಗೆ ಮೂರನೆಯದೊಂದು ಕಾರಣ ಎರಡರ ಹಿಂದೆಯೂ ಇದ್ದು ಲೆಕ್ಕ ಕೆಡಿಸುವುದೇ ನಿಮ್ಮ ಮೇಡಂ ಹೇಳಿದ ಕನ್‌ಫೌಂಡಿಂಗ್.

ಲೆಕ್ಕಕ್ಕೆ ಸುಮ್ನೆ ಅಂಕಿ ಇಟ್ಟುಕೊ. ತಗ್ಗಿನ ಹತ್ತು ತೋಟದಲ್ಲಿ ಎರಡು ಸಲ ಹೊಡೆದವು 2, ಮರಕ್ಕೆ 40 ಕಾಯಿ ಉದುರಿತು. ಮೂರು ಸಲ ಹೊಡೆದವು 8, ಉದುರಿದ್ದು 30. ಎತ್ತರದ ಹತ್ತರಲ್ಲಿ ಎರಡು ಸಲದವು 8, ಉದುರಿದ್ದು 10. ಮೂರು ಸಲದವು 2, ಉದುರಿದ್ದು 5. ಎರಡೂ ಕಡೆ ಮೂರು ಸಲವೇ ವಾಸಿ, ಅಲ್ವಾ? ಈಗ ಎಲ್ಲ ಒಟ್ಟಿಗೆ ಕಲಸಿ ಸರಾಸರಿ ತೆಗೆ. ಎರಡು ಸಲಕ್ಕೆ 16, ಮೂರು ಸಲಕ್ಕೆ 25. ಪೂರ್ತಿ ಉಲ್ಟಾ. ಟಿ ಟೆಸ್ಟಿಗೆ ಇದು ಗೊತ್ತೇ ಆಗುವುದಿಲ್ಲ. ಯಾರು ಯಾಕೆ ಯಾವ ಗುಂಪಿಗೆ ಹೋದರು ಅಂತ ಅದು ಕೇಳುವುದಿಲ್ಲ.

ಗಣಿತದಲ್ಲಿ ಮೊದಲೇ ಹಿಂದಿದ್ದವರೇ ಟ್ಯೂಷನ್‌ಗೆ ಹೋಗಿರಬಹುದು. ಹಾಗಾಗಿ ನಿನ್ನ ಲೆಕ್ಕದಲ್ಲಿ ಆ ತಗ್ಗು ಎತ್ತರ ಅಂದರೆ ಎಸ್ಸೆಸ್ಸೆಲ್ಸಿ ಗಣಿತದ ಅಂಕ. ಅದರ ಮೇಲೆ ಮಕ್ಕಳನ್ನು ಬೇರೆ ಮಾಡಿ, ಆಮೇಲೆ ಹೋಲಿಸು. ಆದರೆ ಬೇರೆ ಮಾಡಲು ಟ್ಯೂಷನ್ ಶುರುವಾದ ಮೇಲಿನ ಟೆಸ್ಟಿನ ಅಂಕ ತಗೋಬೇಡ, ಅದರಲ್ಲಿ ಟ್ಯೂಷನ್‌ನ ಫಲವೂ ಸೇರಿರುತ್ತದೆ.

ಕಾರವಾರದಿಂದ: ಮೇಲಿನವರು ಹೇಳಿದ್ದು ಸರಿ. ಆದರೆ ಟ್ಯೂಷನ್‌ಗೆ ಹೋಗುವವರು, ಹೋಗದವರು ಎರಡೂ ಗುಂಪಿನಲ್ಲಿ ಎಸ್ಸೆಸ್ಸೆಲ್ಸಿಯ ಜಾಸ್ತಿ ಅಂಕದವರೂ ಕಡಿಮೆ ಅಂಕದವರೂ ಇದ್ದಾರಾ ಅಂತ ಮೊದಲು ನೋಡು. ನಾನು ಎರಡು ಊರಿನ ಬಂಗುಡೆ ಮೀನಿನ ದರ ಹೋಲಿಸಿದ್ದೆ. ಕಾರವಾರದ್ದು ಜೂನ್‌ನಲ್ಲಿ ಬರೆದುಕೊಂಡೆ, ಅಂಕೋಲೆಯದ್ದು ಅಕ್ಟೋಬರ್‌ನಲ್ಲಿ. ಜೂನ್ 1ರಿಂದ 61 ದಿನ ಯಾಂತ್ರಿಕ ಬೋಟಿನ ಮೀನುಗಾರಿಕೆಗೆ ನಿಷೇಧ ಅನ್ನುವುದೇ ತಲೆಗೆ ಬರಲಿಲ್ಲ, ಬೈತಖೋಲ ಮೀನುಗಾರಿಕೆ ಬಂದರಿನ ಹತ್ತಿರವೇ ಮನೆ! ಜೂನ್‌ನ ಅಂಕೋಲೆ ದರವೇ ಕೈಯಲ್ಲಿಲ್ಲ, ಬೇರೆ ಮಾಡುವುದು ಏನನ್ನು? ಆ ಪ್ರಾಜೆಕ್ಟ್ ಎರಡನೇ ಸಲ ಮಾಡಿದೆ.

ಕುಮಟಾದ ಹುಡುಗ: ಅಣ್ಣಾ, ಎಸ್ಸೆಸ್ಸೆಲ್ಸಿ ಅಂಕ ನಾನು ಕೇಳಿಯೇ ಇಲ್ಲ. ಸೋಮವಾರ ಮತ್ತೆ 60 ಮಕ್ಕಳ ಹಿಂದೆ ಓಡಬೇಕು.