ಸಹಾಯ ಬೇಕು: ಹಳೇ ಟಾಕೀಸನ್ನು ರಂಗಮಂದಿರ ಮಾಡಲು ಯಾವ ಲೈಸೆನ್ಸ್?

ಮಲೆನಾಡಿನ ನಮ್ಮೂರ ಟಾಕೀಸ್ ಮುಚ್ಚಿ ಆರು ವರ್ಷ ಆಯ್ತು. ಹೆಂಚಿನ ಮಾಡು, ಬಾಲ್ಕನಿ ಇನ್ನೂ ಗಟ್ಟಿಯಾಗಿವೆ (ಬಾವಲಿಗಳು ಮಾತ್ರ ಬಾಡಿಗೆ ಕೊಡದೆ ಇವೆ). ಮಾಲೀಕರು ಕೆಡವಿ ಕಲ್ಯಾಣ ಮಂಟಪ ಕಟ್ಟಿಸುವವರಿದ್ದರು, ಕಾಡಿ ಬೇಡಿ ಹತ್ತು ವರ್ಷದ ಲೀಸ್‌ಗೆ ಒಪ್ಪಿಸಿದ್ದೇವೆ. ನೀನಾಸಂ ನಾಟಕ ಸಂಸ್ಥೆ 1949ರಲ್ಲಿ ಹೆಗ್ಗೋಡಿನಂಥ ಹಳ್ಳಿಯಲ್ಲೇ ಶುರುವಾಗಿದ್ದು ಅಲ್ವಾ, ಅದೇ ಧೈರ್ಯ. ನಾಟಕ, ತಾಳಮದ್ದಳೆ, ಮಕ್ಕಳ ಶಿಬಿರ, ತಿಂಗಳಿಗೊಂದು ಸಿನಿಮಾ ಅಂತ ಲೆಕ್ಕ. ಏಳು ಜನ ಸೇರಿ 1960ರ ಸಂಘಗಳ ನೋಂದಣಿ ಕಾಯ್ದೆಯಡಿ ಸಂಘವನ್ನೂ ನೋಂದಾಯಿಸಿದೆವು.

ಸಿಕ್ಕಿಬಿದ್ದಿರುವುದು ಇಲ್ಲಿ. ಹಳೇ ಲೈಸೆನ್ಸ್ 1964ರ ಸಿನಿಮಾ ಕಾಯ್ದೆಯದ್ದು, ಅವಧಿ ಮುಗಿದಿದೆ. ಒಂದು ಕಚೇರಿಯಲ್ಲಿ ಅದನ್ನೇ ನವೀಕರಿಸಿ ಅಂದರು, ಇನ್ನೊಂದರಲ್ಲಿ ನಾಟಕಕ್ಕೆ ಅದು ನಡೆಯಲ್ಲ ಅಂದರು. ಸುಮ್ನೆ ನಾಲ್ಕು ತಿಂಗಳು ಅಲೆದೆವು.

ಹೀಗೆ ಟಾಕೀಸನ್ನು ರಂಗಮಂದಿರ ಮಾಡಿದವರು ಯಾರಾದರೂ ಇದ್ದೀರಾ? ನಾಟಕ, ಸಿನಿಮಾ ಎರಡಕ್ಕೂ ಬೇರೆ ಬೇರೆ ಅನುಮತಿ ಬೇಕಾ, ಮೊದಲ ಅರ್ಜಿ ಯಾರಿಗೆ ಕೊಟ್ಟಿರಿ?