ಕಿತ್ತೂರು 1824: ಚೆನ್ನಮ್ಮನ ಚಿತ್ರಕಥೆ ಎಲ್ಲಿಂದ ಹಿಡಿಯಬೇಕು?

ಚಿತ್ರಕಥೆ_ಕರಡು:
ಎರಡೂವರೆ ತಾಸಿನ ಸಿನಿಮಾ. ಬಾಲ್ಯ, ಮದುವೆ ಅಂತ ಶುರುಮಾಡಿದರೆ ಯುದ್ಧ ಬರುವಷ್ಟರಲ್ಲಿ ಇಂಟರ್‌ವಲ್ ದಾಟುತ್ತದೆ. ಅಧಿಕಾರ ಆಕೆಯ ಕೈಗೆ ಬರುವ ಘಟ್ಟ ಯಾವುದು? ಕೋವಿಗಳ ವಿಷಯದಲ್ಲಿ ಸಾಮಾನ್ಯವಾಗಿ ಎಲ್ಲಿ ಎಡವುತ್ತಾರೆ?

ಮಲಪ್ರಭೆ_ದಂಡೆ:
1824ರ ಸೆಪ್ಟೆಂಬರ್‌ನಿಂದ ಹಿಡಿಯಿರಿ. ಚೆನ್ನಮ್ಮನ ಗಂಡ, ಕಿತ್ತೂರಿನ ದೊರೆ ಮಲ್ಲಸರ್ಜ ತೀರಿಕೊಂಡದ್ದು 1816ರಲ್ಲಿ. ಪಟ್ಟಕ್ಕೆ ಬಂದವನು ಹಿರಿಯ ರಾಣಿ ರುದ್ರಮ್ಮನ ಮಗ. 1824ರ ಸೆಪ್ಟೆಂಬರ್‌ನಲ್ಲಿ ಅವನು ಮಕ್ಕಳಿಲ್ಲದೆ ಸತ್ತಾಗ ಧಾರವಾಡದ ಕಲೆಕ್ಟರ್ ಥ್ಯಾಕರೆ ದತ್ತು ಒಪ್ಪದೆ ಖಜಾನೆಗೆ ಮೊಹರು ಹಾಕಿಸಿದ. ನಿಮ್ಮ ಘಟ್ಟ ಅದೇ. ಅಕ್ಟೋಬರ್ 23ರ ಕಾಳಗದಲ್ಲಿ ಥ್ಯಾಕರೆ ಸತ್ತ. ಅಲ್ಲಿಗೆ ಆರೇ ವಾರ, ಮೊದಲರ್ಧಕ್ಕೆ ಧಾರಾಳ ಸಾಕು. ಚೆನ್ನಮ್ಮನಿಗೆ ಆಗ ನಲವತ್ತು ದಾಟಿತ್ತು, ಇಪ್ಪತ್ತರ ನಾಯಕಿಯನ್ನು ತರಬೇಡಿ.

ರಂಜಕ:
ಕೋವಿ ಬಗ್ಗೆ. ಕಂಪನಿ ಸಿಪಾಯಿಗಳ ಕೈಲಿ ಆಗ ಚಕಮಕಿ ಕಲ್ಲಿನ ಮಸ್ಕೆಟ್. ಕಲ್ಲಿನ ಬದಲು ಸಿಡಿಮದ್ದಿನ ಪುಟ್ಟ ಕ್ಯಾಪ್ ಹಾಕುವ ಕೋವಿ ದಂಡಿಗೆ ಬಂದದ್ದು 1840ರ ದಶಕದಲ್ಲಿ. ಮದ್ದು, ಗುಂಡು ಸುತ್ತಿಟ್ಟ ಕಾಗದದ ತೋಟಾದ ತುದಿ ಹಲ್ಲಿಂದ ಕಚ್ಚಬೇಕು, ಚಿಟಿಕೆ ಮದ್ದು ಕೋವಿಯ ಕಿವಿಗೆ, ಅಂದರೆ ನಳಿಗೆಯ ಬುಡದ ಪಕ್ಕದಲ್ಲಿ ಕಿಡಿ ಬೀಳುವ ಪುಟ್ಟ ಬಟ್ಟಲಿಗೆ ಹಾಕಿ ಮುಚ್ಚಳ ಮುಚ್ಚಬೇಕು, ಉಳಿದ ಮದ್ದು ನಳಿಗೆಗೆ, ಮೇಲೆ ಗುಂಡು ಮತ್ತು ಕಾಗದ, ಗಜದಿಂದ (ಉದ್ದನೆಯ ಸರಳಿನಿಂದ) ಗಿಡಿದು ಗಜ ವಾಪಸ್. ಪಳಗಿದವನಿಗೂ ಒಂದು ಸುತ್ತು ಹಾರಿಸಲು 15ರಿಂದ 20 ಸೆಕೆಂಡು. ಗಡಿಬಿಡಿಯಲ್ಲಿ ಗಜವನ್ನು ನಳಿಗೆಯಲ್ಲೇ ಬಿಟ್ಟರೆ ಗುಂಡಿನ ಜೊತೆ ಅದೂ ಹಾರಿಹೋಗುತ್ತದೆ. ಕಿವಿಯ ಮದ್ದು ಒದ್ದೆಯಾದರೆ ಬರೀ ಟಕ್. ಕಿವಿಯಿಂದ ನಳಿಗೆಯೊಳಕ್ಕೆ ಹೋಗುವ ತೂತು ಮಸಿ ಕಟ್ಟಿದ್ದರೆ ಕಿವಿಯಲ್ಲಿ ಮಿಂಚಿ ಅಷ್ಟಕ್ಕೇ ನಿಲ್ಲುತ್ತದೆ. ಸೌಂಡ್‌ನವರಿಗೆ ಹೇಳಿ: ಟಕ್, ಬುಸ್, ಆಮೇಲೆ ಢಂ. ನಡುವಿನ ಆ ಸಣ್ಣ ತಡವನ್ನು ನಮ್ಮ ಸಿನಿಮಾಗಳು ನುಂಗಿಬಿಡುತ್ತವೆ. ಗಾಳಿ ಇಲ್ಲದಿದ್ದರೆ ಎರಡು ಮೂರು ಸುತ್ತಿಗೇ ಬಿಳಿ ಹೊಗೆ ಕವಿದು ಎದುರಿನವರು ಕಾಣುವುದಿಲ್ಲ. ವೈಡ್ ಶಾಟ್ ಮೊದಲೇ ಮುಗಿಸಿಕೊಳ್ಳಿ.

ಹಳೇ_ದಫ್ತರ:
ಕಲೆಕ್ಟರ್ ಕಚೇರಿಯಲ್ಲಿ ವಿಕ್ಟೋರಿಯಾ ಪಟ ತೂಗುಹಾಕಬೇಡಿ. ಆಕೆ ಪಟ್ಟಕ್ಕೆ ಬಂದದ್ದು 1837ರಲ್ಲಿ. ಆಗಿದ್ದ ದೊರೆ ನಾಲ್ಕನೇ ಜಾರ್ಜ್. ದತ್ತು ಒಪ್ಪದೆ ಸಂಸ್ಥಾನ ಕಿತ್ತುಕೊಳ್ಳುವ ನೀತಿಗೆ ಹೆಸರಾದ ಡಾಲ್‌ಹೌಸಿಯ ಹೆಸರೂ ಬೇಡ, ಅವನು ಗವರ್ನರ್ ಜನರಲ್ ಆದದ್ದು 1848ರಲ್ಲಿ. ಚೆನ್ನಮ್ಮ ಮನವಿ ಕಳಿಸಿದ್ದು ಮುಂಬಯಿ ಗವರ್ನರ್ ಎಲ್ಫಿನ್‌ಸ್ಟನ್‌ಗೆ.

ಮಲಪ್ರಭೆ_ದಂಡೆ:
ಇನ್ನೊಂದು. ಗೆದ್ದ ಮೇಲೆ ಸೆರೆಸಿಕ್ಕ ಥ್ಯಾಕರೆಯ ಸಹಾಯಕರು ಎಲಿಯಟ್, ಸ್ಟೀವನ್‌ಸನ್ ಇಬ್ಬರನ್ನೂ ಯುದ್ಧ ನಿಲ್ಲಿಸುವ ಮಾತಿನ ಮೇಲೆ ಆಕೆ ಬಿಟ್ಟಳು. ಕಮಿಷನರ್ ಚಾಪ್ಲಿನ್ ಇನ್ನೂ ದೊಡ್ಡ ದಂಡು ತಂದ. ಡಿಸೆಂಬರ್ ಮೊದಲ ವಾರ ಕೋಟೆ ಬಿತ್ತು. ಕತ್ತಿ ಝಳಪಿಸುವ ದೃಶ್ಯಕ್ಕಿಂತ ಸೆರೆಯಾಳುಗಳನ್ನು ಬಿಡಬೇಕೋ ಬೇಡವೋ ಎನ್ನುವ ಆ ದರ್ಬಾರಿಗೇ ಹತ್ತು ನಿಮಿಷ ಕೊಡಿ. ಬೈಲಹೊಂಗಲದ ಸೆರೆ, 1829ರ ಸಾವು, ಇವನ್ನು ಕೊನೆಯ ಕಾರ್ಡಿನಲ್ಲಿ ಹಾಕಿದರಾಯಿತು.